ಮೊದಲು ಹಸಿರಾದ ಹುಲ್ಲು

ನೆಬ್ರಾಸ್ಕಾದ ಸಣ್ಣ ಊರೊಂದರಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ಮಾರ್ವಾ ಸೆಡ್ಲಾಚೆಕ್‌ಗೆ ಗಂಡ ತೀರಿಕೊಂಡ ಮೇಲೆ ಒಂದು ದಿಬ್ಬದ ಹೊಲ ಉಳಿಯಿತು. ಮೆಕ್ಕೆಜೋಳ ಬೆಳೆದು ಬೆಳೆದು ಆ ಮಣ್ಣಿಗೆ ಹಿಡಿತವೇ ಇರಲಿಲ್ಲ. ಜೋರು ಮಳೆ ಬಂದರೆ ಕೊಚ್ಚಿಕೊಂಡು ರಸ್ತೆಗಿಳಿಯುತ್ತಿತ್ತು. ಒಮ್ಮೆ ಅವಳದೇ ಬಸ್ಸು ಆ ಕೆಸರಲ್ಲಿ ಹೂತುಕೊಂಡಿತು.

"ಮಾರ್ವಾ ಆಂಟಿ, ನಿಮ್ಮ ಹೊಲಾನೇ ನಮ್ಮನ್ನ ಹಿಡ್ಕೊಂಡ್ಬಿಡ್ತು!" ಎಂದು ಮಕ್ಕಳು ಕೇಕೆ ಹಾಕಿದರು.

ಉಳುಮೆ ಶುರುವಾಗುವ ಮುಂಚೆ ಆ ಬಯಲಲ್ಲೆಲ್ಲ ಬೆಳೆಯುತ್ತಿದ್ದ ನೀಲಿದಂಟಿನ ಹುಲ್ಲನ್ನು ಮತ್ತೆ ಹಾಕಬೇಕು, ಅದರ ಬೇರು ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ ಎಂದು ಅವಳು ಅಂದೇ ತೀರ್ಮಾನಿಸಿದಳು. ಯಾವಾಗ ಬಿತ್ತುವುದು? ಬೀಜದಂಗಡಿಯವನು ನೆಲ ಬೆಚ್ಚಗಾಗಲಿ ಎಂದ. ಚರ್ಚಿನಲ್ಲಿ ಸಿಕ್ಕ ಹೆಂಗಸು ಚಳಿಗಾಲದಲ್ಲೇ ಚೆಲ್ಲಿಬಿಡು ಎಂದಳು. ಗಂಡನ ಅಣ್ಣ ಎಲ್ಡನ್ ಮೂರನೆಯ ಮಾತು ಹೇಳಿದ: "ಮೊದಲು ಕಳೆ ಹುಟ್ಲಿ. ಅದನ್ನ ಸಾಯಿಸಿ ಆಮೇಲೆ ಬಿತ್ತು." ಮಾರ್ವಾಗೆ ಕಾಯುವ ತಾಳ್ಮೆ ಇರಲಿಲ್ಲ. ಮೇ ತಿಂಗಳಲ್ಲಿ ಬಿತ್ತಿಯೇಬಿಟ್ಟಳು.

ಆ ಬೇಸಿಗೆಯಲ್ಲಿ ಕಳೆ ಸೊಂಟದವರೆಗೆ ಬಂತು. ಹುಲ್ಲು ಕತ್ತರಿಸುವ ಯಂತ್ರ ಹತ್ತಿ ಕತ್ತರಿಸಿದಳು. ಕತ್ತರಿಸುತ್ತಿರುವುದು ಕಳೆಯನ್ನೋ ತಾನು ಬಿತ್ತಿದ್ದನ್ನೋ ಅವಳಿಗೇ ತಿಳಿಯಲಿಲ್ಲ.

"ಸ್ವಲ್ಪ ಎತ್ತರಕ್ಕೆ ಬಿಟ್ಟು ಕತ್ತರಿಸಮ್ಮ. ನಿನ್ನ ಸಸಿ ಕೆಳಗಿರ್ತವೆ," ಎಂದ ನೋಡಲು ಬಂದ ಎಲ್ಡನ್.

"ಎಲ್ಲಿ, ತೋರಿಸಿ ಭಾವ."

ಎಲ್ಡನ್ ಮಂಡಿಯೂರಿ ಬಹಳ ಹೊತ್ತು ಹುಡುಕಿದ. ಎದ್ದು ಪ್ಯಾಂಟು ಕೊಡವಿಕೊಂಡು, "ಇರ್ಬೇಕು" ಎಂದ.

ಮರುವರ್ಷ ಹಿಮ ಕರಗಿದ ಕೂಡಲೇ ದಿಬ್ಬ ಹಸಿರಾಯಿತು. ಮಾರ್ವಾ ಹಿಗ್ಗಿ ಹಣ್ಣು ತುಂಬಿದ ಕೊಲಾಚೆ ಬನ್ನುಗಳನ್ನು ಬೇಯಿಸಿ ಭಾವನನ್ನು ಕರೆದಳು. ಅವನು ಒಂದು ತಿಂದು, ಇನ್ನೊಂದನ್ನು ಕೈಯಲ್ಲಿ ಹಿಡಿದೇ ಹೊಲಕ್ಕೆ ಬಂದ. ಒಂದು ಎಲೆ ಕಿತ್ತ.

"ಇದು ನಿನ್ನ ಹುಲ್ಲಲ್ಲ ಕಣಮ್ಮ. ಬ್ರೋಮ್ ಅನ್ನೋ ಬೇರೆ ಹುಲ್ಲು. ಎಲ್ಲಿಂದಲೋ ಬಂದು ಸೇರ್ಕೊಂಡಿದ್ದು. ಎಲೆ ಮಧ್ಯೆ ನೋಡು, ಇಂಗ್ಲಿಷಿನ ಎಂ ಅಕ್ಷರ ಅಚ್ಚೊತ್ತಿದ ಹಾಗಿದೆ."

"ಎಂ ಅಂದ್ರೆ ಮಾರ್ವಾ! ನಂದೇ ಇದು!"

ಎಲ್ಡನ್ ನಗಲಿಲ್ಲ. "ಬ್ರೋಮ್ ಚಳಿಗೇ ಏಳತ್ತೆ. ನಿಂದು ಸೆಕೆಗೆ ಏಳೋದು, ಇನ್ನೂ ಮಲಗಿದೆ. ಅದು ಏಳೋದ್ರೊಳಗೆ ಕಳೆ ಔಷಧಿ ಹೊಡಿ, ಎದ್ದಿರೋ ಹುಲ್ಲು ಮಾತ್ರ ಸಾಯತ್ತೆ. ತಡ ಮಾಡಿದ್ರೆ ಎರಡೂ ಹೋಗ್ತವೆ."

"ಮಲಗಿದ್ಯೋ ಸತ್ತಿದ್ಯೋ?"

"ಅದು ನಂಗೂ ಗೊತ್ತಿಲ್ಲ."

ದಿನಾ ಬಸ್ಸಿನಿಂದ ಆ ಹಸಿರು ಕಾಣುತ್ತಿತ್ತು. ಇಡೀ ಹೊಲದಲ್ಲಿ ಜೀವ ಇರುವುದು ಅದೊಂದಕ್ಕೇ. ಅದನ್ನೂ ಕೊಂದರೆ ಉಳಿಯುವುದೇನು? ಒಂದು ಬೆಳಿಗ್ಗೆ ಕೊಲ್ಲಲೇಬೇಕು ಅನ್ನಿಸಿದರೆ ಸಂಜೆಗೆ ಮನಸ್ಸು ಬದಲಾಗುತ್ತಿತ್ತು. ಕೊನೆಗೆ ಗಾಳಿಯಿಲ್ಲದ ಒಂದು ಶನಿವಾರ, ಇನ್ನೂ ಗೊಂದಲದಲ್ಲೇ, ಔಷಧಿ ಹೊಡೆದಳು.

ದಿಬ್ಬ ಹಳದಿಯಾಗಿ, ಬೂದಿಯ ಬಣ್ಣಕ್ಕೆ ತಿರುಗಿತು. "ಆಂಟಿ, ಹೊಲಕ್ಕೆ ಹುಷಾರಿಲ್ವಾ?" ಎಂದು ಮಕ್ಕಳು ಕೇಳಿದಾಗ ಗೇರ್ ಬದಲಿಸಿದಳು.

ಶಾಲೆಗೆ ರಜೆ ಬಂದ ಮೇಲೆ ಒಂದು ದಿನ ಹೋಗಿ ನೋಡಿದಳು. ಒಣಗಿದ ಕಸದ ನಡುವೆ ಕೆಂಪು ಬುಡದ ಮೊಳಕೆಗಳು. ನಂಬಿಕೆ ಬರಲಿಲ್ಲ. ಒಂದೊಂದೇ ಎಲೆ ಮುಟ್ಟಿ ಎಂ ಅಕ್ಷರ ಹುಡುಕಿದಳು. ಎಲ್ಲೂ ಇರಲಿಲ್ಲ. ಅಲ್ಲೇ ಕೂತು, ತಾನು ಅಳುತ್ತಿರುವುದೋ ನಗುತ್ತಿರುವುದೋ ತಿಳಿಯದೆ ಮೂಗು ಒರೆಸಿಕೊಂಡಳು.

ಆಗಸ್ಟಿನಲ್ಲಿ ದಂಟುಗಳು ಅವಳ ಭುಜಕ್ಕೆ ಬಂದು, ಕೋಳಿಕಾಲಿನಂಥ ಮೂರು ಬೆರಳಿನ ತೆನೆ ಬಿಚ್ಚಿದವು. ಆದರೆ ಉತ್ತರದ ಇಳಿಜಾರಿನಲ್ಲಿ ಒಂದು ಕಡ್ಡಿಯೂ ಏಳಲಿಲ್ಲ. ಅಲ್ಲಿ ಬೀಜವೇ ಹುಟ್ಟಿರಲಿಲ್ಲವೋ, ಹುಟ್ಟಿ ಬೇಗ ಎದ್ದು ಔಷಧಿಗೆ ಸಿಕ್ಕಿತ್ತೋ, ಎಲ್ಡನ್ ಒಂದು ಹೇಳಿದ, ಅಂಗಡಿಯವನು ಇನ್ನೊಂದು. ಮಾರ್ವಾ ಇಬ್ಬರಿಗೂ ಹೌದೆಂದು ತಲೆಯಾಡಿಸಿದಳು.