ಧೂಳು ಮಾತ್ರ

ಚಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಚಟ್, ಚಟ್. ಗಾಜಿನ ಹಲಗೆಗೆ ಅಂಟಿಸಿದ ಒದ್ದೆ ಫೋಟೊಗಳು ಬಿಸಿಲಿಗೆ ಒಣಗಿ ತಾವಾಗಿಯೇ ಬಿಟ್ಟುಕೊಳ್ಳುವ ಸದ್ದು ಅದು. ಪುಣೆ ಕ್ಯಾಂಪಿನ ನಮ್ಮ ಕಾನ್ವೆಂಟಿನ ಹಿಂದಿನ ವರಾಂಡದಲ್ಲಿ, ಶನಿವಾರದ ಮಧ್ಯಾಹ್ನ, ಫೋಟೋಗ್ರಫಿ ಕ್ಲಾಸಿನ ಎಂಟು ಹುಡುಗಿಯರು ಆ ಸದ್ದಿಗಾಗಿ ಕಾಯುತ್ತ ಕೂರುತ್ತಿದ್ದೆವು. ಬಿದ್ದ ಚಿತ್ರ ಯಾರದೆಂದು ನೋಡಲು ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಪಕ್ಕದ ಸ್ಟೋರ್ ರೂಮೇ ನಮ್ಮ ಡಾರ್ಕ್ ರೂಮ್. ಕೆಂಪು ಬಲ್ಬು, ಮೂರು ಎನಾಮಲ್ ಟ್ರೇ, ಕೆಟ್ಟ ವಿನೆಗರ್ ಮತ್ತು ಕೊಳೆತ ಮೊಟ್ಟೆ ಕೂಡಿದಂಥ ನಾತ. ಆ ನಾತ ಬೆರಳಿಗೆ ಹತ್ತಿದರೆ ಎರಡು ದಿನ ಬಿಡುತ್ತಿರಲಿಲ್ಲ. ಆದರೂ ಹೋಗುತ್ತಿದ್ದೆ, ಶನಿವಾರ ಯಾವಾಗ ಬಂದೀತೆಂದು ಕಾಯುತ್ತಿದ್ದೆ.

ಇದೆಲ್ಲ ಈಗ ಮೇಲೆದ್ದು ಬಂದದ್ದು ಮೊಮ್ಮಗಳಿಂದ. ಅವಳ ಸ್ಕೂಲಿನಲ್ಲೂ ಫೋಟೊ ಪ್ರಾಜೆಕ್ಟ್ ಅಂತೆ. ನನ್ನನ್ನು ಕಿಟಕಿಯ ಬಳಿ ಕೂರಿಸಿ ಫೋನಿನಲ್ಲಿ ತೆಗೆದಳು, ಬೆರಳಿನಿಂದ ಒಂದು ಸಲ ಸವರಿದಳು. ನನ್ನ ಮುಖದ ಸುಕ್ಕುಗಳೆಲ್ಲ ಮಾಯ. “ಲುಕ್ ಅಜ್ಜಿ, ಟೆನ್ ಇಯರ್ಸ್ ಯಂಗರ್!” ಬೆಣ್ಣೆ ಸವರಿದ ಗೊಂಬೆಯಂಥ ಆ ಮುಖ ನೋಡಿ ನಿಜಕ್ಕೂ ವಾಕರಿಕೆ ಬಂತು. “ಇದ್ದಹಂಗ ಮಾಡಿಡು” ಎಂದು ಗದರಿದೆ. ಮಗು ಬೆಚ್ಚಿತು. ಪಾಪ, ಅವಳ ಮೇಲಿನ ಸಿಟ್ಟಲ್ಲ ಅದು. ನನಗೆ ಹೇಸಿಗೆಯಾದದ್ದು ಹದಿಮೂರು ವರ್ಷದ ಇನ್ನೊಬ್ಬ ಹುಡುಗಿಯ ಬಗ್ಗೆ.

ಆ ಹುಡುಗಿಯ ಮನೆ, ಎಂದರೆ ನಮ್ಮ ಮನೆ, ಭವಾನಿ ಪೇಟೆಯಲ್ಲಿತ್ತು. ಬಿಜಾಪುರದ ಕಡೆಯಿಂದ ಬೆಲ್ಲದ ವ್ಯಾಪಾರಕ್ಕೆ ಬಂದು ನಿಂತ ಮನೆ. ಕೆಳಗೆ ಅಂಗಡಿ, ಮೇಲೆ ನಾವು. ಮಳೆಗಾಲದಲ್ಲಿ ಬೆಲ್ಲ ಕರಗಿ ಮೆಟ್ಟಿಲೆಲ್ಲ ಅಂಟಂಟು. ಒಳಗೆ ಕನ್ನಡ, ಮೆಟ್ಟಿಲ ಮೇಲೆ ಮರಾಠಿ, ಸ್ಕೂಲಿನಲ್ಲಿ ಇಂಗ್ಲಿಷ್. ಈಗ ಅಲ್ಲಿ ನಾಲ್ಕು ಮಹಡಿಯ ಪಾರ್ಕಿಂಗ್ ಇದೆ. ಆ ಮನೆಯಲ್ಲಿ ಅಪ್ಪಾಜಿಯ ತಂಗಿ, ನನ್ನ ಶಾಂತಾ ಅತ್ತೆ, ಇದ್ದಳು. ಅವಳಿಗೆ ತೊನ್ನು. ತುಟಿಯ ಸುತ್ತ, ಎಡಗಣ್ಣಿನ ರೆಪ್ಪೆಯ ಮೇಲೆ, ಕೆನ್ನೆಯ ಅರ್ಧ, ಬಿಳಿ. ಇದು ಅಂಟುವ ರೋಗವಲ್ಲ ಎಂದು ಡಾಕ್ಟರರು ಹೇಳಿದ್ದರು. ಆದರೂ ಅವಳ ತಟ್ಟೆ ಬೇರೆ, ಲೋಟ ಬೇರೆ, ಅವನ್ನು ಇಡುವ ಮೂಲೆ ಬೇರೆ. ನಾವು ಕಾಲ ಕಾಲಕ್ಕೆ ಬಸವಣ್ಣನ ಹೆಸರು ಹೇಳಿ ವಿಭೂತಿ ಹಚ್ಚಿಕೊಳ್ಳುವ ಜನ. ಆ ಮೂಲೆಯನ್ನು ನೆನೆದರೆ ಈಗಲೂ ನನಗೆ ಉಗುಳಬೇಕೆನಿಸುತ್ತದೆ. ಅತ್ತೆಗೆ ಮಾತ್ರ ಅದರ ಪರಿವೆ ಇದ್ದಂತೆ ಕಾಣುತ್ತಿರಲಿಲ್ಲ. ಹೊಲಿಗೆ ಮಷಿನ್ ತುಳಿಯುತ್ತ, ಎಲ್ಲರ ನಡಿಗೆ, ಎಲ್ಲರ ಕೆಮ್ಮು ಅಣಕಿಸಿ ನನ್ನನ್ನು ನಗಿಸುತ್ತಿದ್ದಳು. ನಾನು ಮಲಗುತ್ತಿದ್ದುದೂ ಅವಳ ಪಕ್ಕದಲ್ಲೇ. ಸ್ಕೂಲಿನಲ್ಲಿ ಮಾತ್ರ ಅವಳ ಹೆಸರು ಒಮ್ಮೆಯೂ ಎತ್ತಿರಲಿಲ್ಲ.

ಸಿಸ್ಟರ್ ಬೆನಿಟಾ ನಮಗೆ ಆ ಟರ್ಮಿನ ಪ್ರಾಜೆಕ್ಟ್ ಕೊಟ್ಟರು: ಕಿಟಕಿಯ ಬೆಳಕಿನಲ್ಲಿ ಒಂದು ಮುಖ. ಸ್ಕೂಲಿನ ಬಾಕ್ಸ್ ಕ್ಯಾಮರಾ ಒಬ್ಬೊಬ್ಬರಿಗೆ ಒಂದು ದಿನ. ನಮ್ಮ ಮನೆಯಲ್ಲಿ ಬೆಳಗಿನ ಬೆಳಕು ಚೆನ್ನಾಗಿ ಬೀಳುತ್ತಿದ್ದುದು ಮಷಿನ್ ಇದ್ದ ಕಿಟಕಿಗೆ ಮಾತ್ರ.

“ಏ ನೀಲಾ, ನನ್ನ ಯಾಕ ತಗೀತಿ? ಕ್ಯಾಮರಾ ಕೆಟ್ಟಗಿಟ್ಟೀತು!”

“ಸುಮ್ನ ಕೂಡ್ರು ಅತ್ತಿ. ಅಲಗಾಡಬ್ಯಾಡ.”

“ಹಲ್ಲ ತೋರಸ್ಲೋ, ಮುಚ್ಚಲೋ? ಇಲ್ಲಾ ನಿಮ್ಮ ಸಿಸ್ಟರ್ ಹಂಗ ಗಂಟ ಮಾರಿ ಮಾಡ್ಲೇನು?”

ಅತ್ತೆ ನಕ್ಕಳು. ಆ ನಗು ಇನ್ನೂ ಪೂರ್ತಿ ಆರದ ಗಳಿಗೆಯಲ್ಲಿ ನಾನು ಒತ್ತಿದೆ. ಡೆವಲಪರ್ ಟ್ರೇಯಲ್ಲಿ ಆ ಮುಖ ಮೆಲ್ಲಗೆ ಮೂಡಿದಾಗ ಮೈ ಜುಮ್ಮೆಂದಿತು. ಅಂಥ ಫೋಟೊ ಮತ್ತೆ ನನ್ನ ಕೈಯಿಂದ ಬರಲಿಲ್ಲ. ಅಷ್ಟರಲ್ಲಿ ನನ್ನ ಹೆಗಲ ಮೇಲಿಂದ ಬಗ್ಗಿದ ಒಬ್ಬ ಹುಡುಗಿ, “ಓ ನೋ, ಕೆಮಿಕಲ್ ಆನ್ ದ ಫೇಸ್? ವಾಟ್ ಅ ಪಿಟಿ” ಎಂದಳು.

ನಾನು “ಹೌದು, ಫಿಕ್ಸರ್ ಕಲೆ” ಎಂದೆ.

ಅಷ್ಟು ಹೇಳಿದ ಮೇಲೆ ಅದನ್ನು ತೆಗೆಯಲೇಬೇಕಾಯಿತು. ಪ್ರಿಂಟಿನಲ್ಲಿ ಧೂಳಿನ ಕಣದಿಂದಾಗುವ ಬಿಳಿ ಚುಕ್ಕೆಗಳನ್ನು ಮೂರೆಳೆಯ ಬ್ರಷ್ಷಿನಲ್ಲಿ ಕಪ್ಪು ಬಣ್ಣ ಅದ್ದಿ ಮುಚ್ಚುವುದನ್ನು ಸಿಸ್ಟರ್ ಕಲಿಸಿದ್ದರು. ಕಲಿಸುವಾಗ ಬೆರಳೆತ್ತಿ, “ಡಸ್ಟ್ ಓನ್ಲಿ, ಗರ್ಲ್ಸ್” ಎಂದಿದ್ದರು. ಧೂಳು ಮಾತ್ರ. ನಾನು ಎರಡು ಸಂಜೆ ಕೂತು, ಬ್ರಷ್ಷನ್ನು ನಾಲಿಗೆಯಲ್ಲಿ ಚೂಪು ಮಾಡಿಕೊಳ್ಳುತ್ತ, ಅತ್ತೆಯ ತುಟಿ, ರೆಪ್ಪೆ, ಕೆನ್ನೆ ಎಲ್ಲ ಮುಚ್ಚಿದೆ. ಕೈ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಸಿಸ್ಟರಿಗೂ ತಿಳಿಯಲಿಲ್ಲ. ಫಸ್ಟ್ ಪ್ರೈಜ್ ಬಂತು. ಮನೆಗೆ ತಂದು ತೋರಿಸಿದೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಚೊಲೊ ಬಂದದ” ಎಂದಳು. “ಯಾರೀಕಿ?”

ನಾನು ಜೋಕೆಂದು ನಕ್ಕೆ. ಅವಳು ನಗಲಿಲ್ಲ.

ಅಪ್ಪಾಜಿಯ ತಾಯಿ, ನನ್ನ ಅಜ್ಜಿಯ ಕಣ್ಣಿಗೆ ಆ ಫೋಟೊ ಅತ್ತೆಯ ಮದುವೆಗೆ ದೇವರು ಕೊಟ್ಟ ದಾರಿಯಾಗಿ ಕಂಡಿತು. ಸೊಲ್ಲಾಪುರದಲ್ಲಿ ಹೆಂಡತಿ ತೀರಿಕೊಂಡ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಎರಡು ಮಕ್ಕಳು. ಅವನ ಮನೆಯವರು ಹುಡುಗಿಯ ಫೋಟೊ ಕೇಳಿದ್ದರು. ಅಪ್ಪಾಜಿ ಒಂದು ಮಾತು ಆಡಿನೋಡಿದರು: “ಅವ್ವಾ, ಇದ್ರಾಗ ತೊನ್ನು ಕಾಣೂದಿಲ್ಲಲ್ಲ?” ಅಜ್ಜಿ, “ನಾವೇನ ಸುಳ್ಳ ಹೇಳಾಕತ್ತೇವೇನು? ಫೋಟೊ ಕಳಸ್ತೇವಿ, ಅಷ್ಟ. ಬಂದ್ ನೋಡ್ತಾರ, ಗುಣಾ ನೋಡಿ ಒಪ್ಕೋತಾರ” ಎಂದಳು. ಯಾತಕ್ಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಪ್ರಾಜೆಕ್ಟ್ ಆಲ್ಬಮ್ಮಿನಿಂದ ಆ ಫೋಟೊ ಬಿಡಿಸಿ, ಮೂಲೆಗಳನ್ನು ಒಪ್ಪವಾಗಿ ಕತ್ತರಿಸಿ, ಅಪ್ಪಾಜಿಯ ಕೈಗಿಟ್ಟೆ. ಹೆಮ್ಮೆ ಕೂಡ ಪಟ್ಟೆ. ನನ್ನ ಕೆಲಸ ಸೊಲ್ಲಾಪುರಕ್ಕೆ ಹೋಗುತ್ತಿದೆ! ಫೋಟೊ ಕಳಿಸಿದ್ದನ್ನು ಅತ್ತೆಗೆ ಮಾತ್ರ ಯಾರೂ ಹೇಳಲಿಲ್ಲ. ಹೆಣ್ಣು ನೋಡಲು ಬರುತ್ತಾರೆಂದಷ್ಟೇ ಹೇಳಿದರು. ಎಲ್ಲ ತಿಳಿದೂ ಬರುತ್ತಿದ್ದಾರೆಂದು ಅವಳು ನಂಬಿದಳು. ತಾನೇ ಹೊಲಿದ ಹಸಿರು ಕುಪ್ಪಸ ತೊಟ್ಟಳು, ಇಳಕಲ್ ಸೀರೆ ಉಟ್ಟಳು.

ಅವರು ಬಂದರು. ವರನ ತಾಯಿ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದಿದ್ದಾಗ ಅತ್ತೆ ಚಹಾ ತಂದಳು. ಆ ಹೆಂಗಸು ತಲೆ ಎತ್ತಿ ನೋಡಿದಳು. ಬಾಯಲ್ಲಿದ್ದುದನ್ನು ಅಂಗೈಗೆ ತೆಗೆದು ತಟ್ಟೆಯ ಅಂಚಿಗೆ ಇಟ್ಟಳು.

“ಫೋಟೋದಾಗ ಒಬ್ಬಾಕಿ, ಮನ್ಯಾಗ ಒಬ್ಬಾಕಿ. ಏನ್ರೀ ಇದು, ಯಜಮಾನ್ರ?”

ಆಮೇಲೆ ಒಳಗಿನ ಮೋರಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಒಂದು ಸಲವಲ್ಲ. ಖಳ್ ಖಳ್ ಎಂದು, ಉಗುಳಿ, ಮತ್ತೆ ಉಗುಳಿ, ನಾವು ಕೊಟ್ಟ ತಂಬಿಗೆಯ ನೀರು ಮುಗಿಯುವ ತನಕ. ಯಾರೂ ತಡೆಯಲಿಲ್ಲ. ಬೆವರುತ್ತಿದ್ದ ವರ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಹೋಗುವಾಗ ಅವಳು ಫೋಟೊವನ್ನು ಚಾಪೆಯ ಮೇಲೆ ಎಸೆದಳು. ಅತ್ತೆ ಬಗ್ಗಿ ಅದನ್ನೆತ್ತಿಕೊಂಡಳು, ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಟ್ರೇ ಎತ್ತಿಕೊಂಡು ಒಳಗೆ ಹೋಗಿ ಆರಿದ ಚಹಾವನ್ನು ಒಂದೊಂದೇ ಕಪ್ಪಿನಿಂದ ಮೋರಿಗೆ ಸುರಿದಳು. ಆ ರಾತ್ರಿಯಿಂದ ನನ್ನ ಹಾಸಿಗೆ ಅಜ್ಜಿಯ ಪಕ್ಕಕ್ಕೆ ಬಂತು. ಹಾಕಿದವಳು ಅತ್ತೆಯೇ.

ಮುಂದಿನ ಜೂನಿನಲ್ಲಿ ಅವಳು ತಾನೇ ಕಾಗದ ಬರೆದು ಒಂದು ಕೆಲಸ ಹುಡುಕಿಕೊಂಡಳು. ಕೊಲ್ಹಾಪುರದ ಒಂದು ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುವುದು. ಮರಳಿ ಆ ಮನೆಗೆ ಕಾಲಿಡಲಿಲ್ಲ. ಮೂರು ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡಳು. ಅಪ್ಪಾಜಿ ತಲುಪುವಷ್ಟರಲ್ಲಿ ಅಲ್ಲಿಯವರೇ ಮಣ್ಣು ಮಾಡಿದ್ದರು. ಹಾಗಾಗಿ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅವಳು ಹೊರಟ ದಿನ, ಸ್ವಾರಗೇಟಿನ ಎಸ್.ಟಿ. ಬಸ್ ಸ್ಟ್ಯಾಂಡಿನಲ್ಲಿ. ಕಾನ್ವೆಂಟಿನಲ್ಲಿ ದಿನಕ್ಕೆ ಇಪ್ಪತ್ತು ಸಲ “ಸಾರಿ” ಎನ್ನುತ್ತಿದ್ದ ಬಾಯಿ ನನ್ನದು. ಬಸ್ಸಿನ ಕಿಟಕಿಯ ಕೆಳಗೆ ನಿಂತಾಗ “ತಪ್ಪಾತು ಅತ್ತಿ” ಎಂಬ ಎರಡು ಮಾತು ಆಡಲಿಲ್ಲ. ಅವಳೇ ಬಗ್ಗಿದಳು.

“ಎತ್ತರಾಗಾಕತ್ತಿ ನೀ. ಯೂನಿಫಾರ್ಮ್ ಗಿಡ್ಡ ಆದ್ರ ಹೊಸಾದು ಹೊಲಿಸಬ್ಯಾಡ ಅನ್ನು. ಒಳಗ ಎರಡ ಇಂಚು ಮಡಚಿ ಬಿಟ್ಟೇನಿ. ಬಿಚ್ಚಿ ಇಳಿಸ್ಕೋ.”

ಕಂಡಕ್ಟರ್ ಗಂಟೆ ಹೊಡೆದ. ಪಕ್ಕದ ಸೀಟಿನವಳು ಅತ್ತೆಯ ಮುಖ ನೋಡಿ ಮೆಲ್ಲಗೆ ತನ್ನ ಸೆರಗನ್ನು ಈಚೆ ಎಳೆದುಕೊಂಡಳು. ಅತ್ತೆ ಅದನ್ನು ಕಂಡಳು, ಆದರೂ ಮುಖ ಮುಚ್ಚಿಕೊಳ್ಳಲಿಲ್ಲ. ಕಿಟಕಿಯ ಸರಳಿಗೆ ಕೆನ್ನೆ ಆನಿಸಿ ಕೂತಳು. ಬಸ್ಸು ಸಾತಾರಾ ರಸ್ತೆಗೆ ಹೊರಳುವ ತನಕ ಆ ಮುಖ ಬೆಳಕಿನಲ್ಲಿತ್ತು.