ಪಳಗಿದ ಪೆನ್ನು

ಅವತ್ತೂ ನಾನು ನಮ್ಮವರನ್ನು ಬೈದೆ. ಕೊನೆಯ ದಿನ ಎಂದು ಯಾರೂ ಹೇಳಿರಲಿಲ್ಲ.

ಕಾಲೇಜಿನ ಗೇಟಿಗೆ ಎದುರು ನಮ್ಮ ಪುಸ್ತಕ, ಪೆನ್ನಿನ ಅಂಗಡಿ. ಮರುದಿನ ಪರೀಕ್ಷೆ. ನಮ್ಮವರು ಹೊಸ ಪೆನ್ನುಗಳ ಮುಚ್ಚಳ ತೆಗೆದು, ಒಂದೊಂದರಲ್ಲೂ ಅರ್ಧ ಹಾಳೆ ಬರೆದು, ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ಪೆನ್ನು ಮರೆತು ಬಂದವರು ಆ ಡಬ್ಬಿಯಿಂದ ಎತ್ತಿಕೊಂಡು ಓಡಬೇಕು, ಪರೀಕ್ಷೆ ಮುಗಿದ ಮೇಲೆ ತಂದು ಹಾಕಬೇಕು. ಪೆನ್ನನ್ನೇ ಮರೆಯುವವರು ತಂದುಕೊಡುವುದನ್ನು ನೆನಪಿಡುತ್ತಾರೆಯೇ?

“ಅಂಗಡಿ ಇಟ್ಟಿರೋದು ಮಾರೋಕೋ, ಹಂಚೋಕೋ?” ಎಂದೆ.

“ಹೊಸ ಪೆನ್ನು ಹೊಸ ಚಪ್ಪಲಿ ಇದ್ದ ಹಾಗೆ ಕಣೇ. ಪರೀಕ್ಷೆ ದಿನಾನೇ ಕಚ್ಚುತ್ತೆ. ಪಳಗಿಸಿ ಕೊಡಬೇಕು.”

ಅವರು ಆ ಗೇಟಿನ ಒಳಗೆ ಓದಿದವರಲ್ಲ. ನಾನು ಮೂರನೇ ಕ್ಲಾಸಿಗೇ ಬಿಟ್ಟವಳು. ಪಳಗಿಸಲು ಏನು ಬರೆಯುತ್ತಾರೆ ಎಂದು ಕೇಳಿದವಳೇ ಅಲ್ಲ. ಮೂರು ವರ್ಷದ ಹಿಂದೆ ಒಬ್ಬ ಹುಡುಗಿ ಆತುರದಲ್ಲಿ ಪೆನ್ನಿನ ಜೊತೆ ಅವರ ಹಾಳೆಯನ್ನೂ ಎತ್ತಿಕೊಂಡು ಹೋಗಿ, ಉತ್ತರಪತ್ರಿಕೆಗೆ ಸೇರಿಸಿ ದಾರ ಕಟ್ಟಿ ಕೊಟ್ಟುಬಿಟ್ಟಳು. ಗಣಿತದ ಮೇಷ್ಟ್ರು ಆ ಹಾಳೆ ಹಿಡಿದು ಅಂಗಡಿಗೇ ಬಂದು ನಾಲ್ಕು ಜನರ ಮುಂದೆ ಓದಿದರು. “ಚಹಾಕ್ಕೆ ಸಕ್ಕರೆ ಹಾಕಿಲ್ಲ. ಹೇಳಿದರೆ ಸಿಟ್ಟು.” ಹತ್ತೊಂಬತ್ತು ಸಲ ಅದೇ. ಕೆಳಗೆ ಮೇಷ್ಟ್ರು ಕೆಂಪು ಇಂಕಿನಲ್ಲಿ ಬರೆದಿದ್ದರು: ಉತ್ತರ ಸರಿ, ಪ್ರಶ್ನೆ ಯಾವುದು?

ನಾನು ಎರಡು ದಿನ ಮಾತು ಬಿಟ್ಟೆ. ಕಾಲೇಜಿನವರು ಬಿಡಲಿಲ್ಲ. ಅವತ್ತಿನಿಂದ ಹೋಗುವವರು ಬರುವವರೆಲ್ಲ, “ಅಮ್ಮ, ಇವತ್ತು ಸಕ್ಕರೆ ಹಾಕಿದ್ರಾ?”

ಆ ಕೊನೆಯ ಸಂಜೆ ಕಾಲೇಜಿನ ಪತ್ರಿಕೆಗೆ ಬರೆಯುವವಳೊಬ್ಬಳು ಬಂದು, ಒಳ್ಳೆಯ ಕಾಲೇಜು ಊರು ಎಂದರೆ ಹೇಗಿರಬೇಕು ಎಂದು ಕೇಳಿದಳು. ಬೇರೆಯವರು ದೊಡ್ಡ ಗ್ರಂಥಾಲಯ, ಅಗ್ಗದ ರೂಮು ಎಂದಿದ್ದರಂತೆ. ನಮ್ಮವರು ತಲೆ ಎತ್ತದೆ ಹೇಳಿದರು. “ಮರೆತು ಬಂದವರು ವಾಪಸ್ ಮನೆಗೆ ಓಡೋ ಹಾಗಿರಬಾರದು. ಅಷ್ಟೇ ಕಣಮ್ಮ.”

ಮರುದಿನ ಬೆಳಿಗ್ಗೆ ಶಟರ್‌ಗೆ ಕೈ ಹಾಕಿದವರು ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಡಬ್ಬಿ ಒಳಗೇ ಉಳಿಯಿತು.

ಅಂಗಡಿಯನ್ನು ಮೊಬೈಲಿನವರಿಗೆ ಬಾಡಿಗೆಗೆ ಕೊಡೋಣ ಎಂದ ಮೈದುನ. ಅವನು ಕೆಟ್ಟವನಲ್ಲ. ನನ್ನ ಓದುಬರಹ ಅಷ್ಟಕ್ಕಷ್ಟೇ, ಒಬ್ಬಳೇ ಹೇಗೆ ನಡೆಸಲಿ? ಹೂಂ ಎಂದೆ.

ಸಾಮಾನು ತೆಗೆಯಲು ಶಟರ್ ಎತ್ತಿದೆವು. ಒಳಗೆ ನೆಲದ ಮೇಲೆ ಪೆನ್ನುಗಳು, ಹದಿನೈದೋ ಹದಿನಾರೋ. ಶಟರಿನ ಕೆಳಗಿನ ಸಂದಿಯಿಂದ ಯಾರು ಯಾರೋ ತೂರಿಸಿದ್ದರು. ಒಂದಕ್ಕೆ ಚೀಟಿ ಸುತ್ತಿತ್ತು. ಅಕ್ಷರ ಕೂಡಿಸಿ ಓದಿದೆ: ಎರಡು ವರ್ಷ ತಡವಾಯಿತು, ಅಮ್ಮ.

ಅರ್ಧಕ್ಕರ್ಧ ಪೆನ್ನಿನಲ್ಲಿ ಇಂಕೇ ಇರಲಿಲ್ಲ.

“ಇವಕ್ಕೆಲ್ಲ ಹೊಸ ರೀಫಿಲ್ ಹಾಕಬೇಕು,” ಎಂದೆ.

“ಅತ್ತಿಗೆ, ಮೊಬೈಲಿನವರು ನಾಳೆ ಬರ್ತಾರೆ.”

“ಬರಲಿ. ಅವರಿಗೂ ಒಂದು ಪೆನ್ನು ಕೊಟ್ಟು ಕಳಿಸೋಣ.”

ಈಗ ದಿನಾ ಬೆಳಿಗ್ಗೆ ಶಟರ್ ಎತ್ತಿ, ಡಬ್ಬಿ ಹೊರಗಿಟ್ಟು, ಚಹಾ ಪಕ್ಕದಲ್ಲಿಟ್ಟುಕೊಂಡು ಪೆನ್ನು ಪಳಗಿಸಲು ಕೂರುತ್ತೇನೆ. ಅರ್ಧ ಹಾಳೆ ನನ್ನಿಂದಾಗದು. ಪೆನ್ನಿಗೆ ನಾಲ್ಕು ಸಾಲು. ಸಕ್ಕರೆ ಹಾಕಿದ್ದೇನೆ. ಸಕ್ಕರೆ ಹಾಕಿದ್ದೇನೆ. ‘ಕ್ಕ’ದ ಒತ್ತು ಇನ್ನೂ ಸೊಟ್ಟ.