ಬೆಡ್‌ಶೀಟಿನ ಆಚೆ ತುದಿ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಗಿನ ಐದು ಗಂಟೆ ಇರಬೇಕು. ಲಾಂಡ್ರಿಯ ಮಡಚುವ ಕೋಣೆಯಲ್ಲಿ ಒಂದು ಬೆಡ್‌ಶೀಟಿನ ತುದಿ ನೆಲಕ್ಕೆ ಬಿತ್ತು. ಎಲ್ಲ ಶುರುವಾಗಿದ್ದು ಅಲ್ಲಿಂದ. ಬೆಡ್‌ಶೀಟ್ ಬೀಳುವುದೇನು ದೊಡ್ಡ ಸುದ್ದಿಯಲ್ಲ, ಮತ್ತೆ ಒಗೆಯಲು ಹಾಕಿದರೆ ಮುಗಿಯಿತು. ಆದರೆ ಅದು ಬಿದ್ದದ್ದು ಎಲ್ಲರೂ ಪಟಾಕಿ ಎಂದು ಕರೆಯುತ್ತಿದ್ದ ಹುಡುಗಿಯ ಕೈಯಿಂದ, ಮತ್ತು ಅದು ಬಿದ್ದದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ಇದನ್ನು ಕಂಡವರು ಎದುರು ತುದಿ ಹಿಡಿದಿದ್ದ ಜೋಡಿಯಕ್ಕ ಒಬ್ಬರೇ.

ಈಗಲೂ ಆ ಹೊತ್ತಿಗೆ ಹೋದರೆ ಜೋಡಿಯಕ್ಕ ಅಲ್ಲೇ ಸಿಗುತ್ತಾರೆ. ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳ ಬಟ್ಟೆ ಬರುವ ಲಾಂಡ್ರಿ ಅದು. ಒಣಗಿಸುವ ಮಷೀನಿನಿಂದ ಬಿಸಿಬಿಸಿ ಬೆಡ್‌ಶೀಟುಗಳು ತಳ್ಳುಗಾಡಿಗೆ ಬೀಳುತ್ತವೆ. ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯುತ್ತಾರೆ. ಒಂದು ಸಲ ಜಗ್ಗಿ, ಒಂದು ಸಲ ಜಾಡಿಸಿ, ಹತ್ತಿರ ಬಂದು ಮೂಲೆಗೆ ಮೂಲೆ ಕೊಟ್ಟು ಮತ್ತೆ ಹಿಂದಕ್ಕೆ ಸರಿಯುತ್ತಾರೆ. ನೋಡುವವರಿಗೆ ಇಬ್ಬರು ಆಟ ಆಡುತ್ತಿದ್ದಾರೇನೋ ಅನ್ನಿಸುತ್ತದೆ. ಅಕ್ಕ ಮಾತ್ರ ಬಟ್ಟೆಯನ್ನು ನೋಡುವುದೇ ಇಲ್ಲ, ಎದುರಿನವರ ಮುಖ ನೋಡುತ್ತಿರುತ್ತಾರೆ.

"ಬಟ್ಟೆ ಎಲ್ಲಿಗೆ ಹೋಗುತ್ತೆ? ಅದರ ಪಾಡಿಗೆ ಅದು ಮಡಚ್ಕೊಳ್ಳುತ್ತೆ. ಎದುರಿಗಿರೋರು ಜೊತೆಗೆ ಹೆಜ್ಜೆ ಹಾಕ್ತಾರಾ ಇಲ್ವಾ, ಅಷ್ಟು ನೋಡ್ಕೋಬೇಕು" ಅನ್ನುತ್ತಾರೆ.

ಅಕ್ಕನಿಗೆ ಸ್ವಂತ ಹೆಸರು ಇಲ್ಲದಿಲ್ಲ, ಕೂಗುವವರಿಲ್ಲ ಅಷ್ಟೆ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವರು. ಈಗ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. ಬಿಸಿ ಬಟ್ಟೆ ಹಿಡಿದು ಹಿಡಿದು ಬೆರಳ ತುದಿಯ ಗೆರೆಗಳೆಲ್ಲ ಸವೆದಿವೆ. ಸಂಜೆಗೆ ಕಾಲು ಊದಿ ಚಪ್ಪಲಿ ಹಿಡಿಸುವುದಿಲ್ಲ, ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತುತ್ತಾರೆ. ದಿನಕ್ಕೆ ಎಷ್ಟು ಮಡಚುತ್ತೀರಿ ಎಂದರೆ ನಗುತ್ತಾರೆ. "ತಿನ್ನೋ ಅನ್ನದ ಅಗುಳು ಎಣಿಸ್ತೀರಾ ನೀವು?" ಬಾಯ್ಲರ್ ನೋಡಿಕೊಳ್ಳುತ್ತಾ ನಾನೂ ಅಲ್ಲೇ ಮುದುಕನಾದವನು. ಎದುರಿನವಳಿಗೆ ಜ್ವರ, ಗಂಡನ ಜೊತೆ ಜಗಳ, ಬಸಿರು ಎಲ್ಲವೂ ಅಕ್ಕನಿಗೆ ಬೆಡ್‌ಶೀಟಿನ ಮೂಲಕವೇ ತಿಳಿದುಬಿಡುತ್ತಿದ್ದುದನ್ನು ನೋಡಿದ್ದೇನೆ.

ಪಟಾಕಿ ಅವರಿಗೆ ಸಿಕ್ಕ ಒಳ್ಳೆಯ ಜೋಡಿ. ಇಪ್ಪತ್ತರ ಆಸುಪಾಸಿನ ಹುಡುಗಿ. ಬಾಯಿ ಬಿಟ್ಟರೆ ನಿಲ್ಲಿಸುವವಳಲ್ಲ, ಅದಕ್ಕೇ ಆ ಹೆಸರು. ಆ ಚಳಿಯ ಬೆಳಗಿನ ನಂತರ ಅವಳ ಮಾತು ಕಡಿಮೆಯಾಯಿತು. ಊಟದ ಹೊತ್ತಿಗೆ ಡಬ್ಬಿ ತೆಗೆದುಕೊಂಡು ಮೂಲೆಗೆ ಹೋಗತೊಡಗಿದಳು. ತಲೆ ಬಾಚುವುದು ಬಿಟ್ಟಳು. ವಾರವೆಲ್ಲ ಅದೇ ಅಂಗಿ. ನಿದ್ದೆ ಬರುತ್ತಾ ಎಂದು ಅಕ್ಕ ಕೇಳಿದರೆ, "ಅವರು ಬಿಟ್ಟರೆ ತಾನೆ" ಅಂದಳು. ಯಾರು ಎಂದರೆ ಮುಖ ತಿರುಗಿಸಿಕೊಂಡು ಹೋದಳು.

"ಪಟಾಕಿ ಠುಸ್ ಆಯ್ತಲ್ಲಪ್ಪಾ!" ಎಂದು ಸೂಪರ್‌ವೈಸರ್ ತಮಾಷೆ ಮಾಡಿದರು. ಎಲ್ಲರೂ ನಕ್ಕರು.

"ಯಾವನೋ ಕೈಕೊಟ್ಟಿರ್ಬೇಕು ಬಿಡ್ರೇ," ಅಂದಳು ಇಸ್ತ್ರಿಯವಳು.

ನಮ್ಮ ಲಾಂಡ್ರಿಯಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಸೋತು ಬಂದರೆ ಅವರನ್ನು ಹಿಂದಿನ ಮೇಜಿಗೆ ಕಳಿಸುತ್ತೇವೆ. ಅಲ್ಲಿ ಬರೀ ದಿಂಬಿನ ಕವರು. ಹಗುರ ಕೆಲಸ, ಜೋಡಿ ಬೇಡ, ಯಾರ ಕಾಟವೂ ಇಲ್ಲ. ಪ್ರೀತಿಯಿಂದ ಕೊಡುವ ಜಾಗ ಅದು. ಪಟಾಕಿಯನ್ನೂ ಅಲ್ಲಿಗೇ ಕಳಿಸಿದೆವು. ಕಳಿಸಿ ಎಂದು ಹೇಳಿದ್ದೂ ಜೋಡಿಯಕ್ಕನೇ.

ಆ ಮೇಜು ಇರುವುದು ಒಣಗಿಸುವ ಮಷೀನುಗಳ ಬೆನ್ನಿಗೆ. ದಿನವಿಡೀ ಗುಂಯ್ ಎನ್ನುವ ಸದ್ದು. ಒಬ್ಬಳೇ ನಿಂತ ಹುಡುಗಿಗೆ ಆ ಸದ್ದಿನೊಳಗಿಂದ ಜನ ಮಾತಾಡುವುದು ಕೇಳತೊಡಗಿತ್ತು. ಒಂದು ದಿನ ಕವರುಗಳನ್ನು ಒಯ್ಯಲು ಅಕ್ಕ ಹೋದರೆ, ಅವಳು ಮಷೀನಿಗೆ ಬೆನ್ನು ಕೊಟ್ಟು ಎರಡೂ ಕಿವಿಗೆ ದಿಂಬಿನ ಕವರು ಒತ್ತಿಕೊಂಡು ನಿಂತಿದ್ದಾಳೆ. "ಅಕ್ಕಾ, ನೀವೂ ಅವರ ಜೊತೆ ಸೇರ್ಕೊಂಡ್ರಾ?" ಎಂದು ಕೇಳಿದಳಂತೆ.

"ನನ್ನ ಎದೆ ಒಡೀತು," ಎನ್ನುತ್ತಾರೆ ಅಕ್ಕ. "ಸುಸ್ತು ಅಂದ್ಕೊಂಡಿದ್ದೆ. ಸುಸ್ತಾದೋರು ಹೀಗೆ ಹೆದರಲ್ಲ. ಜೊತೆಗೆ ಬೇಕಾದಾಗ ಒಂಟಿ ಮಾಡಿಬಿಟ್ಟೆ ನೋಡಿ."

ಮುಂದಿನ ರಜೆಯ ದಿನ ಮಧ್ಯಾಹ್ನ ಅಕ್ಕ ಹುಡುಗಿಯ ಮನೆಗೆ ಹೋದರು. ಒಂದೇ ಕೋಣೆ, ಹಿಂದೆ ಸಣ್ಣ ಅಂಗಳ, ಹಗ್ಗದ ಮೇಲೆ ಬಟ್ಟೆ. ತಾಯಿ ಶಾಲೆಯೊಂದರಲ್ಲಿ ನೆಲ ಒರೆಸುವವರು. ಮಾತು ತೆಗೆದದ್ದೇ ತಡ, ಆ ತಾಯಿಗೆ ಸಿಟ್ಟು ನೆತ್ತಿಗೇರಿತು.

"ನನ್ನ ಮಗಳಿಗೆ ಹುಚ್ಚು ಅಂತ ಹೇಳೋಕೆ ಇಷ್ಟು ದೂರ ಬಂದ್ಯಾ?"

"ನಾನು ಆ ಮಾತು ಆಡಿದ್ನಾ ತಾಯಿ? ಅವಳು ಮಲಗ್ತಾಳಾ ಅಂತ ಕೇಳ್ದೆ."

"ವಯಸ್ಸಿನ ಹುಡುಗಿ. ಹಟ. ಕೊಬ್ಬು. ನಿನ್ನ ಮನೇಲಿ ಇಲ್ವಾ ಹುಡುಗೀರು?"

ಅಕ್ಕ ವಾದಕ್ಕೆ ಇಳಿಯಲಿಲ್ಲ. ಎದ್ದು ಹಗ್ಗದಿಂದ ಒಂದು ಬೆಡ್‌ಶೀಟ್ ತೆಗೆದು ತಾಯಿಯ ಕೈಗೆ ಕೊಟ್ಟರು. "ನನ್ನ ಮಾತು ಬೇಡ. ನೀನೇ ಅವಳ ಜೊತೆ ಇದನ್ನ ಮಡಚು."

ತಾಯಿ ಗೊಣಗುತ್ತಲೇ ಎರಡು ಮೂಲೆ ಹಿಡಿದರು. ಕರೆದಾಗ ಒಳಗಿಂದ ಬಂದ ಮಗಳು ಇನ್ನೆರಡು ಹಿಡಿದಳು. ಜಗ್ಗಿದರು, ಜಾಡಿಸಿದರು. ತಾಯಿ ಮುಂದೆ ಬಂದರು, ಮಗಳು ಬರಲಿಲ್ಲ. ತಾಯಿಯ ಬೆರಳು ತಾಗುವ ಮುಂಚೆಯೇ ಕೈ ಹಿಂದಕ್ಕೆಳೆದುಕೊಂಡಳು. ಬೆಡ್‌ಶೀಟ್ ಜಾರಿತು. ಅವಳು ಗೋಡೆಯ ಕಡೆ ತಿರುಗಿ, "ಆಯ್ತು, ಹೇಳಲ್ಲ, ಯಾರಿಗೂ ಹೇಳಲ್ಲ" ಎಂದು ಮೆಲ್ಲಗೆ ಯಾರಿಗೋ ಮಾತು ಕೊಡುತ್ತಿದ್ದಳು. ಗೋಡೆಯ ಹತ್ತಿರ ಯಾರೂ ಇರಲಿಲ್ಲ.

ತಾಯಿ ಕೈಯಲ್ಲಿದ್ದ ತುದಿಯನ್ನು ಬಿಡದೆ ಅಕ್ಕನ ಕಡೆ ತಿರುಗಿದರು. "ಎಲ್ಲಿಗೆ ಕರ್ಕೊಂಡು ಹೋಗ್ಬೇಕು?" ಎಂದಷ್ಟೇ ಕೇಳಿದರು.

ಮನೋವೈದ್ಯರ ಕೋಣೆಗೆ ಮೂವರೂ ಹೋದರು. ಡಾಕ್ಟರಮ್ಮ ಮೊದಲು ಮಾತಾಡಿಸಿದ್ದು ಹುಡುಗಿಯನ್ನೇ. ಆಮೇಲೆ ತಾಯಿಗೆ ಹೇಳಿದರಂತೆ: ಒಬ್ಬರು ಮಂಕಾದ ಮಾತ್ರಕ್ಕೆ ಮನಸ್ಸಿನ ಕಾಯಿಲೆ ಅಂತ ಅಲ್ಲ. ಆದರೆ ಚೆನ್ನಾಗಿದ್ದವರು ಇದ್ದಕ್ಕಿದ್ದ ಹಾಗೆ ಬದಲಾದರೆ, ಜನರಿಂದ ದೂರ ಸರಿದರೆ, ನಿದ್ದೆ ಸ್ನಾನ ಬಿಟ್ಟರೆ, ಗೊತ್ತಿರುವ ಕೆಲಸದಲ್ಲೂ ಎಡವಿದರೆ, ಎಲ್ಲರ ಮೇಲೂ ಅನುಮಾನಪಟ್ಟರೆ, ಇಲ್ಲದ ದನಿ ಕೇಳಿದರೆ, ಕಾಯುತ್ತಾ ಕೂರಬೇಡಿ, ತೋರಿಸಿ. ಬೇಗ ಬಂದಷ್ಟೂ ಒಳ್ಳೆಯದು. ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂಬ ಹೆಸರು ಇಟ್ಟದ್ದು ಹಲವು ಸಲ ನೋಡಿದ ಮೇಲೆಯೇ.

"ಹಡೆದವಳು ನಾನು, ನನಗೆ ಕಾಣಲಿಲ್ಲವಲ್ಲ" ಎಂದು ತಾಯಿ ಅತ್ತಾಗ, ಡಾಕ್ಟರಮ್ಮ, "ನಿಮ್ಮಿಂದ ಬಂದಿದ್ದಲ್ಲ ಇದು, ಯಾರ ತಪ್ಪಿಂದಲೂ ಬಂದಿದ್ದಲ್ಲ" ಅಂದರಂತೆ. ಆ ಮಾತನ್ನು ಅಕ್ಕ ಇವತ್ತಿಗೂ ಎಲ್ಲರಿಗೂ ಹೇಳಿಕೊಂಡು ಬರುತ್ತಾರೆ.

ಮಾತ್ರೆ ಶುರುವಾದ ಮೇಲೂ ದಾರಿ ಸಲೀಸಾಗಿರಲಿಲ್ಲ. ಹುಡುಗಿ ದಪ್ಪಗಾದಳು, ಕೂತಲ್ಲೇ ತೂಕಡಿಸಿದಳು, ಒಮ್ಮೆ ಮಾತ್ರೆ ಬಿಟ್ಟು ಮತ್ತೆ ಕೆಟ್ಟಳು. ಡಾಕ್ಟರಮ್ಮ ಔಷಧಿ ಬದಲಿಸಿದರು. ಮಳೆಗಾಲದ ಹೊತ್ತಿಗೆ ಅವಳು ಲಾಂಡ್ರಿಯ ಬಾಗಿಲಿಗೆ ಬಂದು ನಿಂತಳು. ಸೂಪರ್‌ವೈಸರ್ ತಲೆ ಕೆರೆದುಕೊಂಡರು. "ಹಿಂದಿನ ಮೇಜಿಗೆ ಹಾಕೋಣ್ವಾ ಅಕ್ಕ? ಪಾಪ, ಹಗುರ ಆಗುತ್ತೆ."

"ಆ ಮೇಜು ಬೇಡ. ಅವಳು ನನ್ನೆದುರಿಗೇ ನಿಲ್ಲೋದು."

ಸೂಪರ್‌ವೈಸರೇ ಒಂದು ತಳ್ಳುಗಾಡಿ ಎಳೆದು ತಂದು ಅವರ ನಡುವೆ ನಿಲ್ಲಿಸಿದರು. ಆಮೇಲೆ ಆ ಹಳೆಯ ತಮಾಷೆಯನ್ನು ಅವರು ಯಾವತ್ತೂ ಮಾಡಲಿಲ್ಲ. ಮೊದಲ ದಿನಗಳಲ್ಲಿ ಬೆಡ್‌ಶೀಟ್ ಬೀಳುತ್ತಿತ್ತು, ಅಕ್ಕ ಎತ್ತುತ್ತಿದ್ದರು. ಆಮೇಲಾಮೇಲೆ ಬೀಳುವುದು ಕಡಿಮೆಯಾಯಿತು. ಒಂದು ಬೆಳಗ್ಗೆ ಪಟಾಕಿ, "ಅಕ್ಕಾ, ನಿಮ್ಮ ಕಾಲು ಆನೆ ಕಾಲಾಗಿದೆ, ನಡಿಯೋವಾಗ ನೆಲ ಅಲ್ಲಾಡುತ್ತೆ" ಅಂದಳು. ಬಾಯ್ಲರ್ ಹತ್ತಿರದವರೆಗೂ ಅಕ್ಕನ ನಗು ಕೇಳಿಸಿತು.

ನಿಮಗೇನು ಆಸೆ ಅಕ್ಕ ಎಂದು ಕೇಳಿದೆ. "ಇಂಥ ಕೆಲಸದ ಜಾಗದಲ್ಲಿ ಯಾರನ್ನೂ ಒಂಟಿಯಾಗಿ ನಿಲ್ಲಿಸಬಾರದು. ಎದುರಿಗೆ ಒಬ್ಬರು ಇರಬೇಕು. ಮತ್ತೇನಿಲ್ಲ."

ಪಟಾಕಿ ಈಗ ಇಲ್ಲಿಲ್ಲ. ಊರಿನ ಇನ್ನೊಂದು ತುದಿಯ ಹಾಸ್ಟೆಲಿನಲ್ಲಿ ಬಟ್ಟೆಬರೆ ನೋಡಿಕೊಳ್ಳುವ ಕೆಲಸ ಹುಡುಕಿಕೊಂಡಳು. "ಇಲ್ಲಿ ಎಲ್ಲರೂ ನನ್ನ ಮುಖ ನೋಡಿ ಹೇಗಿದ್ದೀಯಾ ಅಂತಾರೆ ಅಕ್ಕ. ಅಲ್ಲಿ ಬರೀ ಟವೆಲ್ ಎಲ್ಲಿ ಅಂತ ಕೇಳ್ತಾರೆ."

"ಕೇಳೋಕೆ ಒಬ್ಬರಾದ್ರೂ ಬೇಡ್ವೇನೇ?"

"ಅದಕ್ಕೆ ನೀವಿದ್ದೀರಲ್ಲ. ಫೋನ್ ಮಾಡಿ."

ಕೊನೆಯ ಬೆಡ್‌ಶೀಟನ್ನು ಇಬ್ಬರೂ ಸೇರಿ ಮಡಚಿದರು. ಹತ್ತಿರ ಬಂದು ಮೂಲೆ ಕೊಡುವಾಗ ಪಟಾಕಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅಕ್ಕನ ಸವೆದ ಬೆರಳುಗಳನ್ನು ಬಟ್ಟೆಯ ಸಮೇತ ಸ್ವಲ್ಪ ಹೊತ್ತು ಹಿಡಿದೇ ನಿಂತಳು. ಆಮೇಲೆ ಡಬ್ಬಿ ಎತ್ತಿಕೊಂಡು, ಬಾಗಿಲ ತನಕ ಬಾಯಿ ನಿಲ್ಲಿಸದೆ ಮಾತಾಡುತ್ತಾ ಹೊರಟುಹೋದಳು.